ಹುರುಳಿಯ ಕಿಣ್ವ, ಆಲ್ಜಿನೇಟ್ ಮಣಿ

ಕಿಣ್ವವನ್ನು ಜೆಲ್‌ನೊಳಗೆ ಹಿಡಿದಿಟ್ಟರೆ ಸೋಸಿ ತೆಗೆದು ಮತ್ತೆ ಬಳಸಬಹುದು. ಸಾಗರದ ಕಡೆಯ ಪದವಿ ವಿದ್ಯಾರ್ಥಿಗಳಿಗೆ ಇದನ್ನು ವರ್ಷಗಳಿಂದ ಮಾಡಿಸುತ್ತ ಬಂದಿದ್ದೇನೆ. ದುಬಾರಿ ಕಿಣ್ವ ಬೇಕಿಲ್ಲ. ಸಂತೆಯ ಹುರುಳಿಯಲ್ಲೇ ಯೂರಿಯಾ ಒಡೆಯುವ ಯೂರಿಯೇಸ್ ಇದೆ.

1. ಮಳೆಗಾಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನ ತೂಕ ನಂಬಬೇಡಿ. ಗಾಳಿಯ ತೇವ ಹೀರಿ ತಾನೇ ನೀರಾಗುವ ಲವಣ ಅದು. ಆಗುಂಬೆಯ ಮಳೆ ಬೀಳುವ ಸೀಮೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೂ ಸಾಕು, ಪುಡಿ ಮುದ್ದೆಯಾಗುತ್ತದೆ. ಬೇಸಿಗೆಯಲ್ಲೇ ಗಾಢ ದ್ರಾವಣ ಮಾಡಿಡಿ, ಬೇಕಾದಾಗ 0.2 ಮೋಲಾರ್‌ಗೆ ತೆಳುಮಾಡಿ.

2. ಸೋಡಿಯಂ ಆಲ್ಜಿನೇಟ್ 100 ಮಿಲಿಗೆ 2–3 ಗ್ರಾಂ. ಕಲಕುತ್ತಿರುವ ನೀರಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಗುಳ್ಳೆ ಹೋಗುವವರೆಗೆ ಕಾಯಿರಿ, ಆಮೇಲೆ ಕಿಣ್ವ ಬೆರೆಸಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಡಿ, ಹನಿಗಳೇ ಮಣಿಯಾಗುತ್ತವೆ.

3. ಫಾಸ್ಫೇಟ್ ಬಫರ್ ಬೇಡ. ಮಣಿಯನ್ನು ಕಟ್ಟಿ ನಿಲ್ಲಿಸಿರುವುದು ಕ್ಯಾಲ್ಸಿಯಂ. ಫಾಸ್ಫೇಟ್, ಸಿಟ್ರೇಟ್, ಇಡಿಟಿಎ ಅದನ್ನು ಕಿತ್ತುಕೊಳ್ಳುತ್ತವೆ. ಟ್ರಿಸ್‌ನಲ್ಲಿ ಮಣಿ ಉಳಿಯುತ್ತದೆ. ಸಿಟ್ರೇಟನ್ನು ಮಾತ್ರ ಕೊನೆಗೆ ಬೇಕೆಂದೇ ಹಾಕುತ್ತೇವೆ, ಮಣಿ ಕರಗಿಸಿ ಒಳಗೆಷ್ಟು ಕಿಣ್ವ ಉಳಿದಿತ್ತೆಂದು ಅಳೆಯಲು.

4. ಎಲ್ಲ ಕಿಣ್ವಕ್ಕೂ ಒಂದೇ ಜೆಲ್ ಒಗ್ಗುವುದಿಲ್ಲ. ಮಕ್ಕಳು ಹಿತ್ತಲ ಪಪ್ಪಾಯಿ ಕಾಯಿ ಗೀರಿ ಹಾಲು ತರುತ್ತಾರೆ, ಅದರ ಕಿಣ್ವ ಪಪೈನನ್ನೂ ಹೀಗೇ ಹಿಡಿಯೋಣ ಎನ್ನುತ್ತಾರೆ. ಅವರ ಉತ್ಸಾಹ ನನಗೆ ಬಹಳ ಇಷ್ಟ, ಆದರೆ ಮೂರು ತೊಡಕು ಮೊದಲೇ ಹೇಳುತ್ತೇನೆ. ಯೂರಿಯೇಸ್ ದೊಡ್ಡ ಅಣು. ಪಪೈನ್ ಸುಮಾರು 23,000 ಡಾಲ್ಟನ್ ಅಷ್ಟೇ, ಜೆಲ್‌ನ ರಂಧ್ರಗಳಿಂದ ಸೋರಿಹೋಗುತ್ತದೆ. ಅದನ್ನು ಚುರುಕುಗೊಳಿಸಲು ಸಿಸ್ಟೀನ್ ಜೊತೆ ಹಾಕುವ ಇಡಿಟಿಎ ಮಣಿಯನ್ನೇ ಕರಗಿಸುತ್ತದೆ. ಪಪೈನ್ ಕತ್ತರಿಸಬೇಕಾದ ಪ್ರೋಟೀನ್ ಕೇಸೀನ್ ದೊಡ್ಡದಾದ್ದರಿಂದ ಒಳಹೊಕ್ಕುವುದೇ ಕಷ್ಟ. ಪುಟ್ಟ ಯೂರಿಯಾಕ್ಕೆ ಆ ತೊಂದರೆಯಿಲ್ಲ. ಪಪೈನನ್ನು ಜೆಲ್‌ನಲ್ಲಿ ಕೂಡಿಹಾಕುವ ಬದಲು ಗಟ್ಟಿ ಆಧಾರದ ಮೇಲ್ಮೈಗೆ ರಾಸಾಯನಿಕ ಬಂಧದಿಂದ ಅಂಟಿಸುವುದೇ ಸರಿ.

5. ಮಣಿ ತೊಳೆದ ನೀರನ್ನು ಚೆಲ್ಲಬೇಡಿ. ಯೂರಿಯಾ ಒಡೆದು ಅಮೋನಿಯ ಬಂದಾಗ ಫೀನಾಲ್ ರೆಡ್ ಗುಲಾಬಿಯಾಗುತ್ತದೆ, ತರಗತಿ ಖುಷಿಪಡುತ್ತದೆ. ಆದರೆ ಆ ಬಣ್ಣ ಮಣಿಯೊಳಗಿನ ಕಿಣ್ವದ್ದೋ, ಹೊರಗೆ ಸೋರಿದ್ದರದ್ದೋ? ಮಣಿ ಸೋಸಿ ತೆಗೆದ ನೀರಿಗೆ ಯೂರಿಯಾ ಹಾಕಿ ನೋಡದೆ ಹೇಳಲಾಗದು. ಈ ಪರೀಕ್ಷೆಯಿಲ್ಲದ ಪ್ರಯೋಗದ ವರದಿಗೆ ನಾನು ಅಂಕ ಕೊಡುವುದಿಲ್ಲ.

6. ಮಣಿ ಸಣ್ಣದಿರಲಿ, ದಪ್ಪ ಮಣಿಯ ನಡುವಿನ ಕಿಣ್ವಕ್ಕೆ ಯೂರಿಯಾ ತಲುಪುವುದು ತಡ. ಫ್ರಿಜ್‌ನಲ್ಲಿಡಿ, ಹೆಪ್ಪುಗಟ್ಟಿಸಬೇಡಿ.

7. ಆಲ್ಜಿನೇಟಿನ ಬದಲು ಬಳಸಬಹುದಾದ ಪಾಲಿಅಕ್ರಿಲಮೈಡ್ ಜೆಲ್‌ಗೆ ದೊಡ್ಡ ಇತಿಹಾಸವಿದೆ. ಬರ್ನ್‌ಫೆಲ್ಡ್ ಮತ್ತು ವಾನ್ 1963ರಲ್ಲೇ ಅದರಲ್ಲಿ ಕಿಣ್ವ ಹಿಡಿದಿಟ್ಟರು. 1973ರಲ್ಲಿ ಜಪಾನಿನ ತನಾಬೆ ಸೆಯಾಕು ಅದರಲ್ಲಿ ಬ್ಯಾಕ್ಟೀರಿಯಾ ಕೋಶಗಳನ್ನಿಟ್ಟು ಆಸ್ಪಾರ್ಟಿಕ್ ಆಮ್ಲ ತಯಾರಿಸತೊಡಗಿತು. ಆದರೂ ಆ ಜೆಲ್ ಮಾಡಲು ಬೇಕಾದ ಅಕ್ರಿಲಮೈಡ್ ಪುಡಿ ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ. ಹೊಸನಗರ, ತೀರ್ಥಹಳ್ಳಿಯ ನನ್ನ ಅಧ್ಯಾಪಕ ಮಿತ್ರರೇ, ಫ್ಯೂಮ್ ಹುಡ್, ಕೈಗವಸು ಇಲ್ಲದ ಲ್ಯಾಬಿನಲ್ಲಿ ದಯವಿಟ್ಟು ಅದನ್ನು ಮಕ್ಕಳ ಕೈಗೆ ಕೊಡಬೇಡಿ.