ವಿದ್ಯೆಯೂ ನೆರೆಯವನ ಕೂಲಿಯೂ

ವಿದ್ಯೆಯ ಫಲ ಓದಿದವನಿಗೇ ಮೀಸಲೆಂಬುದು ರೂಢಿಯ ಮಾತು. ಓದಿದವನು ಸಂಬಳಗಾರನಾದನು, ಓದದವನು ಹೊಲದಲ್ಲಿಯೇ ಉಳಿದನು ಎಂದು ಲೆಕ್ಕ ಮುಗಿಸಿಬಿಡುವುದುಂಟು. ಚಿಗಟೇರಿಯಂಥ ಮಳೆಯಾಶ್ರಯದ ಊರಿನವರು ಈ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಒಬ್ಬನ ವಿದ್ಯೆ ಅಕ್ಷರವರಿಯದ ನೆರೆಯವನ ಕೂಲಿಯನ್ನೂ ಹೆಚ್ಚಿಸಬಲ್ಲುದು.

ಇದಕ್ಕೆ ನಿದರ್ಶನ ತುಂಗಭದ್ರೆಯ ಆಚೆಯ ದಡದಲ್ಲಿಯೇ ಇದೆ. ಧಾರವಾಡದಲ್ಲಿ 1947ರಲ್ಲಿ ಕೃಷಿ ಕಾಲೇಜು ಆರಂಭವಾಯಿತು. ಅದೇ ಊರಿನ ಕೃಷಿ ವಿಜ್ಞಾನಿಗಳು 1972ರಲ್ಲಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಹೊರತಂದರು. ಇಂಥ ಹತ್ತಿಯ ಬೀಜ ಬೆಳೆಸುವ ಬಗೆ ಕೌತುಕಕರವಾದುದು. ಮರುದಿನ ಅರಳಲಿರುವ ಮೊಗ್ಗಿನಿಂದ ಸಂಜೆಯೇ ಕೇಸರಗಳನ್ನು ನಾಜೂಕಾಗಿ ಬಿಡಿಸಿ ತೆಗೆಯಬೇಕು. ಬೆಳಗಾದ ಮೇಲೆ ಗಂಡುಸಾಲಿನ ಹೂವಿನ ಪರಾಗವನ್ನು ಅದರ ಶಲಾಕಾಗ್ರಕ್ಕೆ ಸೋಕಿಸಬೇಕು. ಕೈಯಿಂದಲೇ ಆಗಬೇಕಾದ ಈ ಕೆಲಸ ರಾಣೆಬೆನ್ನೂರು ಮೊದಲಾದ ಕಡೆಗಳಲ್ಲಿ ವಾರಗಟ್ಟಲೆ ಕೂಲಿ ಒದಗಿಸಿತು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳಿಗೆ ಅನ್ನ ಕೊಟ್ಟದ್ದು ಯಾರೋ ಓದಿದ ಸಸ್ಯಶಾಸ್ತ್ರ!

ಆದರೆ ಇದೇ ಹೊಲ ಮಕ್ಕಳನ್ನೂ ಸೆಳೆಯಿತು. ಎಳೆಯ ಬೆರಳು ಹಗುರ, ಕೂಲಿಯೂ ಅಗ್ಗ ಎಂಬ ನೆಪದಿಂದ ಬಾಲಕಿಯರನ್ನು ಶಾಲೆ ಬಿಡಿಸಿ ಈ ಕೆಲಸಕ್ಕೆ ಹಚ್ಚಿದ್ದುಂಟು. ಕೆಟ್ಟದ್ದು ಅವರ ಓದು ಮಾತ್ರವಲ್ಲ. ಅಗ್ಗದ ಕೈ ದೊರೆಯುವಲ್ಲಿ ತಾಯಿಯ ಕೂಲಿ ಏರುವುದೆಂತು? ಮಗು ತರಗತಿಯಲ್ಲಿ ಕುಳಿತರೆ ತಾಯಿ ತನ್ನ ದುಡಿಮೆಯ ಬೆಲೆಯನ್ನು ಗಟ್ಟಿಯಾಗಿ ಕೇಳಬಲ್ಲಳು. ದಾನಿಗಳು ಕಟ್ಟಿಸಿದ ಕೊಠಡಿಯ ಈ ಪ್ರಯೋಜನ ಯಾವ ಜಮಾಖರ್ಚಿನಲ್ಲಿಯೂ ಕಾಣುವುದಿಲ್ಲ.

ಹಾಗಾದರೆ ಶಾಲೆ ಕಟ್ಟಿದರೆ ಸಾಕೆ? ಇಂಡೋನೇಷ್ಯಾ 1973ರಿಂದ ಐದಾರು ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವರು ಅದನ್ನು ಪರಿಶೀಲಿಸಿ, ಹೆಚ್ಚಿಗೆ ಓದಿದ ಒಂದೊಂದು ವರ್ಷಕ್ಕೂ ಸಂಪಾದನೆ ಶೇಕಡಾ 6.8ರಿಂದ 10.6ರವರೆಗೆ ಏರಿತೆಂದು 2001ರಲ್ಲಿ ತೋರಿಸಿದರು. 2004ರಲ್ಲಿ ಅವರು ಕಂಡುಕೊಂಡುದು ಅಷ್ಟು ಹಿತವಲ್ಲ. ಓದಿದವರು ಹೆಚ್ಚಿದಷ್ಟು ಬೇಗ ಬಂಡವಾಳ ಬೆಳೆಯದ್ದರಿಂದ, ಶಾಲೆಗಳು ಹೆಚ್ಚಾಗಿ ಎದ್ದ ಕಡೆ ಹಿರಿಯ ಕೆಲಸಗಾರರ ಕೂಲಿ ನಿಧಾನವಾಗಿ ಏರಿತ್ತು.

ಓದಿನೊಡನೆ ಉದ್ಯಮವೂ ಊರಿಗೆ ಬರಬೇಕೆಂಬುದು ಇದರಿಂದ ಸ್ಪಷ್ಟ. ಚಿಗಟೇರಿಯ ಹೆಸರು ಹೊತ್ತ ಜಿಲ್ಲಾ ಆಸ್ಪತ್ರೆ ಇರುವುದು ದಾವಣಗೆರೆಯಲ್ಲಿ. ಅಲ್ಲಿ 1965ರಲ್ಲಿ ಆರಂಭವಾದ ಜೆ. ಜೆ. ಎಂ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ಅದೇ ಅಭ್ಯಾಸದ ನೆಲೆ. ವೈದ್ಯನ ಓದಿನ ಸುತ್ತ ದಾದಿ, ಆಯಾ, ಖಾನಾವಳಿಯ ಅಡಿಗೆಯವಳು, ಆಟೋ ಓಡಿಸುವವನು ಇವರೆಲ್ಲರ ಸಂಪಾದನೆ ನಿಂತಿದೆ. ಚಿಗಟೇರಿಯ ಹುಡುಗ ಓದು ಮುಗಿಸಿ ಬಸ್ಸು ಹತ್ತಿದರೆ, ಅವನ ವಿದ್ಯೆಯ ಸುತ್ತ ಕೂಲಿ ಬೆಳೆಯುವುದೂ ಆ ಪಟ್ಟಣದಲ್ಲಿಯೇ.