ವಿಕರ್ಣ ಯಾವುದಮ್ಮ?

ಆ ಚಾರ್ಟ್‌ಗಾಗಿ ನಾನು ಎರಡು ಭಾನುವಾರ ಕೂತಿದ್ದೆ. ಡ್ರಾಯಿಂಗ್ ಶೀಟಿನ ಮೇಲೆ 3, 4, 5ರ ಲಂಬಕೋನ ತ್ರಿಭುಜ, ಮೂರು ಬಾಹುಗಳ ಮೇಲೂ ಬಣ್ಣದ ಚೌಕಗಳು: 9 ಹಳದಿ, 16 ಹಸಿರು, 25 ಕೆಂಪು. ಹತ್ತನೇ ತರಗತಿಯ ಮಕ್ಕಳು ಎಣಿಸಿ ಖುಷಿಪಟ್ಟರು. ಪೈಥಾಗೊರಸ್ ಪ್ರಮೇಯ ತಲೆಗೆ ಹತ್ತಿತು ಎಂದೇ ನಂಬಿದೆ. ಪಕ್ಕದ ತರಗತಿಯ ಮೇಡಂ ಮೊದಲೇ ಹೇಳಿದ್ದರು: "ಅಂಟಿಸಬೇಡಿ ಸರ್, ಬಿಡಿಬಿಡಿಯಾಗಿ ಕೊಡಿ, ಮಕ್ಕಳು ಕೈಯಲ್ಲಿ ಹಿಡಿದು ತಿರುಗಿಸಲಿ." ನಾನು ಕೇಳಲಿಲ್ಲ. ಚಾರ್ಟ್ ಅಚ್ಚುಕಟ್ಟಾಗಿ ಕಾಣಬೇಕೆಂಬ ಹಟ ನನ್ನದೇ.

ಡಿಸೆಂಬರಿನಲ್ಲಿ ವಿಷಯ ಪರಿವೀಕ್ಷಕರು ಬಂದರು. ಚಾರ್ಟ್ ನೋಡಿದರು, ಏನೂ ಅನ್ನಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಒಂದು ತ್ರಿಭುಜ ಬರೆದರು. ಉದ್ದನೆಯ ಬಾಹು ಕೆಳಗೆ ಅಡ್ಡಕ್ಕೆ ಮಲಗಿತ್ತು. ಲಂಬಕೋನ ಮೇಲೆ, ಹೆಂಚಿನ ಮಾಡಿನ ನೆತ್ತಿಯಂತೆ. ಎರಡನೇ ಬೆಂಚಿನ ಹುಡುಗಿಯನ್ನು ಕರೆದು, "ಇದರಲ್ಲಿ ವಿಕರ್ಣ ಯಾವುದಮ್ಮ?" ಎಂದರು. ತರಗತಿಗೇ ಚುರುಕಿನವಳು. ತಡಮಾಡದೆ ಬಲಗಡೆಯ ಓರೆ ಗೆರೆ ಮುಟ್ಟಿದಳು. ಅವರು ಉಳಿದವರತ್ತ ತಿರುಗಿ, "ಸರಿನಾ?" ಎಂದರು. "ಸರಿ ಸರ್!" ಇಡೀ ತರಗತಿ ಒಂದೇ ಕೊರಳಲ್ಲಿ ಕೂಗಿತು.

ನನ್ನ ಚಾರ್ಟಿನಲ್ಲಿ ವಿಕರ್ಣ ಇದ್ದದ್ದು ಬಲಗಡೆ, ಓರೆಯಾಗಿ. ಹಲಗೆಯ ಮೇಲೂ ವರ್ಷವಿಡೀ ಹಾಗೆಯೇ ಬರೆದಿದ್ದೆ. ಲಂಬಕೋನದ ಎದುರಿನ ಬಾಹುವೇ ವಿಕರ್ಣ ಎಂದು ನೂರು ಸಲ ಹೇಳಿಸಿದ್ದೆ. ಆದರೆ ಮಕ್ಕಳ ಕಣ್ಣು ಕಲಿತದ್ದು ಬೇರೆ. ಹುಡುಗಿ ನನ್ನತ್ತ ನೋಡಿದಳು. ತಾನು ತಪ್ಪಿದ್ದೇನೆಂದು ಅವಳಿಗೆ ಗೊತ್ತಾದದ್ದು ನನ್ನ ಮುಖದಿಂದ. ಬೆರಳನ್ನು ಗೆರೆಯಿಂದ ತೆಗೆಯಲೂ ಆಗದೆ ಹಾಗೇ ನಿಂತಳು. ನನ್ನ ಕಿವಿ ಕಾದುಹೋಯಿತು. ಸಹಾಯಕ್ಕೆ ಒಂದು ಮಾತು ಬರಲಿಲ್ಲ.

"ಬಣ್ಣದ ಕಾಗದದ ಕಾಲಹರಣ ಬಿಡಿ, ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸಿ" ಎಂದು ಮಕ್ಕಳೆದುರೇ ಹೇಳಿ ಹೊರಟರು. ಅವರು ಹಿಡಿದ ತಪ್ಪು ಸರಿ; ಹೇಳಿದ ಮದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಬಾಯಿಪಾಠ ಮಾಡಿದ್ದರೂ ಅವಳು ಅದೇ ಗೆರೆ ಮುಟ್ಟುತ್ತಿದ್ದಳು. ಕಾಗದ ಮಡಚಿ ರೇಖಾಗಣಿತ ಕಲಿಸುವ ಬಗ್ಗೆ ಟಿ. ಸುಂದರ ರಾವ್ 1893ರಲ್ಲೇ ಮದರಾಸಿನಲ್ಲಿ ಪುಸ್ತಕ ಪ್ರಕಟಿಸಿದ್ದರು, ಅದೇನು ಕಾಲಹರಣವೇ? ಮಕ್ಕಳು ಮೊದಲು ಆಕೃತಿಯನ್ನು ಅದರ ಒಟ್ಟು ನೋಟದಿಂದ ಗುರುತಿಸುತ್ತಾರೆ, ಗುಣಗಳು ಆಮೇಲೆ ತಿಳಿಯುತ್ತವೆ ಎಂದು ನೆದರ್ಲೆಂಡ್ಸ್‌ನ ವಾನ್ ಹೀಲೆ ದಂಪತಿ 1957ರಲ್ಲಿ ತೋರಿಸಿದ್ದಾರೆ. ನಾನು ಮೊದಲ ಮೆಟ್ಟಿಲಲ್ಲೇ ಮಕ್ಕಳನ್ನು ನಿಲ್ಲಿಸಿಬಿಟ್ಟಿದ್ದೆ.

ಈಗ ಏನನ್ನೂ ಅಂಟಿಸುವುದಿಲ್ಲ. ರಟ್ಟಿನಲ್ಲಿ 3, 4, 5ರ ನಾಲ್ಕು ತ್ರಿಭುಜ, 1 ಸೆಂ.ಮೀ. ಬಾಹುವಿನ ಒಂದು ಪುಟ್ಟ ಚೌಕ ಕತ್ತರಿಸಿ ಕೊಡುತ್ತೇನೆ. ಭಾಸ್ಕರಾಚಾರ್ಯರ ಹೆಸರಿನೊಂದಿಗೆ ಹೇಳುವ ಜೋಡಣೆ ಅದು: ತ್ರಿಭುಜ ಒಂದೊಂದು 6ರಂತೆ 24, ನಡುವಿನ ಚೌಕ 1, ಸೇರಿ 25. ವಿಕರ್ಣಗಳೇ ಹೊರಗಿನ ಅಂಚು. ಜೋಡಿಸಬೇಕಾದರೆ ತುಂಡುಗಳನ್ನು ತಿರುಗಿಸಲೇಬೇಕು. ಸಂಖ್ಯೆಯಲ್ಲಿ ಕಂಡದ್ದನ್ನು ಎ, ಬಿ, ಸಿ ಹಾಕಿ ಸಾಧಿಸುವವರೆಗೂ ತುಂಡು ಎತ್ತಿಡಲು ಬಿಡುವುದಿಲ್ಲ. ಹಲಗೆಯ ಮೇಲೆ ಬರೆಯುವಾಗ ಪ್ರತಿಸಲವೂ ದಿಕ್ಕು ಬದಲಿಸಿ, ಮೊದಲು ಲಂಬಕೋನದ ಗುರುತು ಹುಡುಕಿಸುತ್ತೇನೆ. ಪ್ರೊಜೆಕ್ಟರ್ ಇರುವವರು ಜಿಯೋಜೀಬ್ರಾದಲ್ಲಿ ಶೃಂಗ ಹಿಡಿದು ಎಳೆದು ತೋರಿಸಬಹುದು.

ಅದೇ ಹುಡುಗಿಯ ಅಪ್ಪ ಗಾರೆ ಕೆಲಸದವರು. ಪಾಯಕ್ಕೆ ದಾರ ಕಟ್ಟುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವೆ 5 ಬಂದರೆ ಮೂಲೆ ಸರಿಯಿದೆ ಎನ್ನುತ್ತಾರಂತೆ. ಜನವರಿಯಲ್ಲಿ ಅವಳೇ ಮೈದಾನದಲ್ಲಿ ಹಗ್ಗ ಹಿಡಿದು ಸುಣ್ಣದಲ್ಲಿ ದೊಡ್ಡ ತ್ರಿಭುಜ ಎಳೆದಳು. ಮಕ್ಕಳನ್ನು ಸುತ್ತಲೂ ನಿಲ್ಲಿಸಿ, ವಿಕರ್ಣದ ಕಡೆ ಕೈ ಮಾಡಿ ಎಂದೆ. ಒಬ್ಬರಿಗೆ ಅದು ಎಡಕ್ಕಿತ್ತು, ಒಬ್ಬರಿಗೆ ಬಲಕ್ಕೆ, ಕೆಲವರಿಗೆ ಕಾಲ ಬುಡದಲ್ಲೇ. ಕೈಗಳೆಲ್ಲ ಒಂದೇ ಗೆರೆಯತ್ತ ಚಾಚಿದ್ದವು.