ಆಕಾಶದಲ್ಲೊಂದು ಬಾಡಿಗೆ ಮನೆ

ಬೋಗಾದಿಯ ಪಿಜಿಗಳಲ್ಲಿ ಇರುವ ನಮಗೆ ಬಾಡಿಗೆ, ಅಡ್ವಾನ್ಸ್, ಓನರ್ ಅಂದ್ರೆ ಏನು ಅಂತ ಯಾರೂ ಪಾಠ ಮಾಡಬೇಕಾಗಿಲ್ಲ. ಇದೇ ವ್ಯವಸ್ಥೆ ಈಗ ಭೂಮಿಯಿಂದ ಸುಮಾರು 400 ಕಿ.ಮೀ. ಮೇಲಕ್ಕೂ ಹೋಗ್ತಾ ಇದೆ. ಖಾಸಗಿ ಕಂಪನಿಗಳು ಬಾಹ್ಯಾಕಾಶ ನಿಲ್ದಾಣ ಕಟ್ಟಿ ಬಾಡಿಗೆಗೆ ಕೊಡಲು ಹೊರಟಿವೆ.

ಕಾರಣ ಸರಳ. 2000ದ ನವೆಂಬರ್‌ನಿಂದ ಒಂದು ದಿನವೂ ಖಾಲಿ ಬೀಳದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ವಯಸ್ಸಾಗಿದೆ. 2030ರವರೆಗೆ ನಡೆಸಿ, ಆಮೇಲೆ ಸಮುದ್ರಕ್ಕೆ ಇಳಿಸುವುದು ನಾಸಾದ ಯೋಜನೆ. ಹಾಗೆ ಇಳಿಸುವ ನೌಕೆಗೇ 2024ರಲ್ಲಿ ಸ್ಪೇಸ್‌ಎಕ್ಸ್‌ಗೆ 84.3 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟಿದ್ದಾರೆ. ಮನೆ ಕೆಡವೋಕೇ ಇಷ್ಟು ಖರ್ಚು! ಹಾಗಾಗಿ ಇನ್ನು ಮುಂದೆ ಓನರ್ ಆಗುವ ಬದಲು ಬಾಡಿಗೆದಾರ ಆಗೋಣ ಅಂತ ನಾಸಾ ಯೋಚಿಸಿದೆ. ಆಕ್ಸಿಯಮ್, ವಾಸ್ಟ್, ಸ್ಟಾರ್‌ಲ್ಯಾಬ್, ಬ್ಲೂ ಒರಿಜಿನ್ ಈ ಓಟದಲ್ಲಿವೆ.

ವಾಸ್ಟ್ ಕಟ್ಟುತ್ತಿರುವ ಹೇವನ್-1 ನೋಡಿ. ನಾಲ್ಕು ಜನರಿಗೆ ಓಡಾಡಲು ಸಿಗುವ ಜಾಗ ಸುಮಾರು 45 ಘನ ಮೀಟರ್. ಲೆಕ್ಕ ಹಾಕಿದರೆ 12×13 ಅಡಿಯ, 10 ಅಡಿ ಎತ್ತರದ ರೂಮು. ಅಂದ್ರೆ ಫೋರ್ ಶೇರಿಂಗ್! ಆದರೆ ಅಲ್ಲಿ ಗೋಡೆ, ಚಾವಣಿ ಎಲ್ಲವೂ ನೆಲವೇ ಆಗುವುದರಿಂದ ನಮ್ಮಷ್ಟು ಇಕ್ಕಟ್ಟು ಅನ್ನಿಸಲಿಕ್ಕಿಲ್ಲ.

ಕಷ್ಟ ಇರೋದು ಜಾಗದಲ್ಲಲ್ಲ, ಶಾಖದಲ್ಲಿ. ಹೊರಗೆ ಗಾಳಿಯಿಲ್ಲ, ಆದ್ದರಿಂದ ಫ್ಯಾನ್ ಹಾಕಿ ಶಾಖವನ್ನು ಆಚೆ ತಳ್ಳಲಾಗದು. ಉಳಿದಿರುವ ದಾರಿ ವಿಕಿರಣ ಒಂದೇ. ಹೀಟ್ ಟ್ರಾನ್ಸ್‌ಫರ್‌ನ ಸ್ಟೀಫನ್–ಬೋಲ್ಟ್ಸ್‌ಮನ್ ಸೂತ್ರಕ್ಕೆ 300 ಕೆಲ್ವಿನ್, ಎಮಿಸಿವಿಟಿ 0.9 ಹಾಕಿದರೆ ಒಂದು ಚದರ ಮೀಟರ್ ರೇಡಿಯೇಟರ್ ಹೊರಹಾಕುವುದು ಸುಮಾರು 413 ವ್ಯಾಟ್. 10 ಕಿಲೋವ್ಯಾಟ್‌ಗೆ 24 ಚದರ ಮೀಟರ್ ಬೇಕು. ಬಿಸಿಲು, ಭೂಮಿಯ ಶಾಖ ಸೇರಿದರೆ ಇನ್ನೂ ಹೆಚ್ಚು. ಬಾಡಿಗೆ ದುಬಾರಿ ಯಾಕೆ ಅಂತ ಇಲ್ಲೇ ಅರ್ಧ ಅರ್ಥವಾಗುತ್ತೆ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೋಗಿದ್ದು ಸರ್ಕಾರಿ ನಿಲ್ದಾಣಕ್ಕೇ ಆದರೂ, ಯಾತ್ರೆ ಆಯೋಜಿಸಿದ್ದು ಆಕ್ಸಿಯಮ್ ಎಂಬ ಖಾಸಗಿ ಕಂಪನಿ. ಹಣ ಕೊಟ್ಟಿದ್ದು ಭಾರತ. ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಹೋದವು. ತೂಕವಿಲ್ಲದ ಕಡೆ ಮೊಳಕೆ ಹೇಗೆ ಬರುತ್ತೆ, ಅದನ್ನು ಗಗನಯಾತ್ರಿಗಳು ತಿನ್ನಬಹುದಾ ಅನ್ನೋದು ಪ್ರಶ್ನೆ. ಅವರ ಊಟದಲ್ಲಿದ್ದ ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ ಸಿದ್ಧವಾಗಿದ್ದು ನಮ್ಮ ಮೈಸೂರಿನ ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್‌ನಲ್ಲಿ. 1984ರಲ್ಲಿ ರಾಕೇಶ್ ಶರ್ಮಾ ಅವರಿಗೂ ಇದೇ ಲ್ಯಾಬ್ ಊಟ ಕಟ್ಟಿಕೊಟ್ಟಿತ್ತು.

ಈಗ ಚಿಂತೆ ಇರೋದು ಓನರ್ ಬಗ್ಗೆ. ಬಿಗೆಲೋ ಎಂಬ ಅಮೆರಿಕನ್ ಕಂಪನಿ ಗಾಳಿ ತುಂಬಿ ಹಿಗ್ಗಿಸುವ ಮನೆಗಳನ್ನು 2006, 2007ರಲ್ಲೇ ಕಕ್ಷೆಗೆ ಕಳಿಸಿತ್ತು. 2016ರಲ್ಲಿ ಅದರದೊಂದು ಕೋಣೆ ಅಂತರರಾಷ್ಟ್ರೀಯ ನಿಲ್ದಾಣಕ್ಕೂ ಸೇರಿತು. ತಂತ್ರಜ್ಞಾನ ಸರಿಯಾಗೇ ಇತ್ತು, ಗಿರಾಕಿಗಳೇ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಎಲ್ಲ ನೌಕರರನ್ನೂ ಮನೆಗೆ ಕಳಿಸಿದರು. ಹೊಸ ಕಂಪನಿಗಳಿಗೂ ದೊಡ್ಡ ಗಿರಾಕಿ ಸದ್ಯಕ್ಕೆ ನಾಸಾನೇ. ಆದ್ದರಿಂದ 'ಖಾಸಗಿ' ಅನ್ನೋ ಪದವನ್ನು ಸ್ವಲ್ಪ ಉಪ್ಪು ಹಾಕಿಯೇ ಓದಬೇಕು. ನಾಸಾ ಬಜೆಟ್ ಕಡಿಮೆಯಾದರೆ ಧಾರವಾಡದ ಕಾಳಿಗೂ ಜಾಗ ಇರಲ್ಲ.

ಅದಕ್ಕೇ ನಮ್ಮ ಅಭಿಪ್ರಾಯದಲ್ಲಿ ಸ್ವಂತ ಮನೆ ಬೇಕು. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಕೋಣೆಗೆ ಇಸ್ರೋ 2028ರ ಗುರಿ ಇಟ್ಟಿದೆ, ಪೂರ್ಣ ನಿಲ್ದಾಣಕ್ಕೆ 2035. ಕೋಣೆಗಳನ್ನು ಒಂದೊಂದಾಗಿ ಕಳಿಸಿ ಮೇಲೆಯೇ ಜೋಡಿಸಬೇಕಾದ್ದರಿಂದ ಡಾಕಿಂಗ್ ಬರಲೇಬೇಕು. ಅದನ್ನು 2025ರ ಜನವರಿ 16ರಂದು ಸ್ಪೇಡೆಕ್ಸ್ ಸಾಧಿಸಿತು. ಸುಮಾರು 220 ಕೆ.ಜಿ.ಯ ಆ ಎರಡು ಉಪಗ್ರಹಗಳ ಜೋಡಣೆ ಮತ್ತು ಪರೀಕ್ಷೆ ಮಾಡಿದ್ದು ಬೆಂಗಳೂರಿನಲ್ಲಿ, ಅನಂತ್ ಟೆಕ್ನಾಲಜೀಸ್ ಎಂಬ ಖಾಸಗಿ ಕಂಪನಿ.